ಜಾತ್ರೆಯಲ್ಲಿ ಕೊಡಿಸಿದ ಹಸಿರು ಲೇಸರ್, ಮಗನ ಕಣ್ಣಲ್ಲಿ ಚುಕ್ಕೆ. ಗೊತ್ತಿರುವವರು ದಯವಿಟ್ಟು ಹೇಳಿ

ವರದಾ ತೀರ
ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಒಂಬತ್ತು ವರ್ಷ. ಹೋದ ಭಾನುವಾರ ಊರ ಜಾತ್ರೆಯಲ್ಲಿ ಅವನ ಸೋದರಮಾವ ನೂರೈವತ್ತು ರೂಪಾಯಿ ಕೊಟ್ಟು ಪೆನ್ನಿನ ಹಾಗಿರುವ ಹಸಿರು ಲೇಸರ್ ಕೊಡಿಸಿದ. ಎರಡು ದಿನ ಗೋಡೆ, ಮಾವಿನ ಮರ, ಬೆಕ್ಕು ಅಂತ ಆಡಿಕೊಂಡಿದ್ದ. ಬುಧವಾರ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಬಂದು ನೋಡಿದರೆ ಕನ್ನಡಿ ಮುಂದೆ ನಿಂತು ಕನ್ನಡಿಯೊಳಗಿನ ತನ್ನ ಕಣ್ಣಿಗೇ ಬಿಡುತ್ತಿದ್ದಾನೆ. ಬೈದು ಕಿತ್ತಿಟ್ಟೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ನಿನ್ನೆ ಹೋಂವರ್ಕ್ ಮಾಡುವಾಗ "ಅಮ್ಮಾ, ಯಾವ ಅಕ್ಷರ ನೋಡ್ತೀನೋ ಅದೇ ಕಾಣಲ್ಲ, ಅದರ ಪಕ್ಕದ್ದು ಕಾಣುತ್ತೆ" ಅಂದ. ನೋವಿಲ್ಲ, ಕಣ್ಣು ಕೆಂಪಾಗಿಲ್ಲ, ನೀರೂ ಬರುತ್ತಿಲ್ಲ. ಯಜಮಾನರು "ಬರೆಯೋಕೆ ಸೋಮಾರಿತನ, ನಾಟಕ" ಅಂತಾರೆ. ಮೆಡಿಕಲ್ ಶಾಪಿನವರು ಒಂದು ಡ್ರಾಪ್ಸ್ ಕೊಟ್ಟಿದ್ದಾರೆ. ಪೆನ್ನಿನ ಸ್ಟಿಕರ್ ಮೇಲೆ 5 ಮಿಲಿವ್ಯಾಟ್‌ಗಿಂತ ಕಡಿಮೆ ಅಂತಿದೆ. ಮಕ್ಕಳ ಆಟದ ಸಾಮಾನು ತಾನೇ, ಅಷ್ಟೊಂದು ಅಪಾಯ ಇರುತ್ತಾ? ಕಾದು ನೋಡಲಾ?

ನೀಲಿ ಛತ್ರಿ
ಕಾಯಬೇಡಿ ಅಕ್ಕ. ನಾಳೆ ಬೆಳಿಗ್ಗೆಯೇ ಹೋಗಿ.

ಕನ್ನಡಕದಂಗಡಿ
ನಾನು ಆಪ್ಟೋಮೆಟ್ರಿ ಓದಿ ಹನ್ನೊಂದು ವರ್ಷದಿಂದ ಕಣ್ಣು ನೋಡುತ್ತಿದ್ದೇನೆ. ಅಕ್ಕ, ಮಗು ಹೇಳಿದ ಮಾತು ನಾಟಕ ಅಲ್ಲವೇ ಅಲ್ಲ. ನೋಡಿದ ಅಕ್ಷರವೇ ಮಾಯವಾಗಿ ಪಕ್ಕದ್ದು ಕಾಣುವುದು ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ನಟ್ಟನಡುವಿನ ಜಾಗಕ್ಕೆ, ಅಂದರೆ ಮ್ಯಾಕ್ಯುಲಾಗೆ ಪೆಟ್ಟು ಬಿದ್ದಾಗ. ಒಂಬತ್ತು ವರ್ಷದ ಹುಡುಗ ಅದನ್ನು ಊಹಿಸಿ ಹೇಳೋಕೆ ಆಗಲ್ಲ.

ನೋವಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ರೆಟಿನಾಕ್ಕೆ ನೋವು ತಿಳಿಯುವ ನರ ಇಲ್ಲ. ಸುಟ್ಟರೂ ಗೊತ್ತಾಗಲ್ಲ. ಹೊರಗಿನಿಂದ ನೋಡಿದರೆ ಕಣ್ಣು ಬೆಳ್ಳಗೆ ಚೆನ್ನಾಗೇ ಇರುತ್ತೆ. ಆ ಡ್ರಾಪ್ಸ್‌ನಿಂದ ಏನೂ ಉಪಯೋಗ ಇಲ್ಲ, ನಿಲ್ಲಿಸಿ.

ಈಗಲೇ ಮನೆಯಲ್ಲಿ ಒಂದು ಕೆಲಸ ಮಾಡಿ. ಅವನ ಲೆಕ್ಕದ ಚೌಕುಳಿ ಪುಸ್ತಕ ತೆಗೆದುಕೊಳ್ಳಿ. ಖಾಲಿ ಹಾಳೆಯ ನಡುವೆ ಪೆನ್ನಿನಲ್ಲಿ ಒಂದು ಚುಕ್ಕೆ ಇಡಿ. ಓದುವ ದೂರದಲ್ಲಿ ಹಿಡಿದು, ಒಂದು ಕಣ್ಣು ಅಂಗೈಯಿಂದ ಮುಚ್ಚಿಸಿ, ಚುಕ್ಕೆಯನ್ನೇ ನೋಡಲು ಹೇಳಿ. ಗೆರೆ ಸೊಟ್ಟಗೆ ಕಾಣುತ್ತಾ, ಚೌಕ ಯಾವುದಾದರೂ ಕಾಣಿಸುತ್ತಿಲ್ಲವಾ ಕೇಳಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ನೋಡಿದರೆ ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತೆ, ಅದಕ್ಕೇ ಬೇರೆ ಬೇರೆ ನೋಡಬೇಕು.

ಸೌಂಡ್ ಅಂಡ್ ಲೈಟ್ಸ್ ಗದಗ
ಸುಮ್ನೆ ಹೆದರಿಸಬೇಡಿ ಸರ್. ನಾನು ಹತ್ತು ವರ್ಷದಿಂದ ಮದುವೆ, ಆರ್ಕೆಸ್ಟ್ರಾ, ಗಣಪತಿ ಮೆರವಣಿಗೆಗೆ ಲೇಸರ್ ಹಾಕುತ್ತಿದ್ದೇನೆ. ಈ ಪೆನ್ನಿಗಿಂತ ನೂರು ಪಟ್ಟು ದೊಡ್ಡವು. ನನ್ನ ಕಣ್ಣಿಗೆ ಏನೂ ಆಗಿಲ್ಲ. ಮಗುವಿಗೆ ನಂಬರ್ ಬಂದಿರಬಹುದು, ಮೊಬೈಲ್ ಜಾಸ್ತಿ ನೋಡುತ್ತಾನೇನೋ.

ಫಿಸಿಕ್ಸ್ ಮೇಷ್ಟ್ರು
ನಿಮಗೆ ಏನೂ ಆಗದೇ ಇರುವುದಕ್ಕೆ ಕಾರಣ ನೀವು ಮಷೀನಿನ ಹಿಂದೆ ನಿಲ್ಲುತ್ತೀರಿ, ಜನ ಮುಂದೆ ನಿಲ್ಲುತ್ತಾರೆ.

ಅಕ್ಕ, ಮಿಲಿವ್ಯಾಟ್ ಅಂದರೆ ಸಣ್ಣದು ಅನಿಸುತ್ತೆ ಅಲ್ವಾ? ಹತ್ತು ವ್ಯಾಟಿನ ಎಲ್‌ಇಡಿ ಬಲ್ಬ್ ನೋಡಿದರೆ ಏನೂ ಆಗಲ್ಲ, ಅದು ಎಲ್ಲ ಕಡೆಗೂ ಚೆಲ್ಲುತ್ತೆ. ಲೇಸರ್ ಕಿರಣ ಚೆಲ್ಲದೆ ಒಂದೇ ದಾರಿಯಲ್ಲಿ ಬರುತ್ತೆ. ಕಣ್ಣಿನ ಮಸೂರ ಅದನ್ನು ಕೂದಲೆಳೆಗಿಂತ ಸಣ್ಣ ಚುಕ್ಕೆಯಾಗಿ ರೆಟಿನಾ ಮೇಲೆ ಕೂರಿಸುತ್ತೆ. ಕಣ್ಣಿನ ಹೊರಗೆ ಇದ್ದದ್ದಕ್ಕಿಂತ ಒಳಗೆ ಬೆಳಕಿನ ತೀಕ್ಷ್ಣತೆ ಸುಮಾರು ಒಂದು ಲಕ್ಷ ಪಟ್ಟು ಏರುತ್ತೆ. ಒಂದೇ ಒಂದು ಮಿಲಿವ್ಯಾಟ್ ಲೇಸರ್ ಕೂಡ ಆ ಚುಕ್ಕೆಯಲ್ಲಿ ಮಧ್ಯಾಹ್ನದ ಸೂರ್ಯನನ್ನು ನೇರ ನೋಡಿದ್ದಕ್ಕಿಂತ ತೀಕ್ಷ್ಣ. ಹುಡುಗರು ಭೂತಗನ್ನಡಿಯಲ್ಲಿ ಒಣಗಿದ ಎಲೆ ಸುಡುವುದು ನೋಡಿದ್ದೀರಲ್ಲ, ಹಾಗೇ. ಇಲ್ಲಿ ಭೂತಗನ್ನಡಿ ನಮ್ಮ ಕಣ್ಣಿನೊಳಗೇ ಇದೆ.

ಲೇಸರ್‌ಗಳನ್ನು ಕ್ಲಾಸ್ 1ರಿಂದ 4ರ ತನಕ ವಿಂಗಡಿಸುತ್ತಾರೆ. ಕ್ಲಾಸ್ 2 ಅಂದರೆ ಒಂದು ಮಿಲಿವ್ಯಾಟ್ ಒಳಗೆ, ಅದರಲ್ಲೂ ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚಿಕೊಳ್ಳುತ್ತೆ ಅನ್ನುವ ಲೆಕ್ಕದ ಮೇಲೆ ಸುರಕ್ಷಿತ. 3ಆರ್ ಐದು ಮಿಲಿವ್ಯಾಟ್ ತನಕ. 3ಬಿ ಐನೂರರ ತನಕ, ಇದು ಕಣ್ಣಿಗೆ ನೇರ ಬಿದ್ದರೆ ರೆಪ್ಪೆ ಮುಚ್ಚುವುದರೊಳಗೆ ಕೆಲಸ ಮುಗಿದಿರುತ್ತೆ. ಅದಕ್ಕಿಂತ ಮೇಲಿನದು ಕ್ಲಾಸ್ 4, ಚರ್ಮ ಸುಡುತ್ತೆ, ಬೆಂಕಿ ಹತ್ತಿಸುತ್ತೆ, ಗೋಡೆಗೆ ಬಿದ್ದು ಚದುರಿದ ಬೆಳಕನ್ನು ಹತ್ತಿರದಿಂದ ನೋಡಿದರೂ ಅಪಾಯ. ಕನ್ನಡಿ ಮುಂದೆ ಬೇಕಂತಲೇ ಕಣ್ಣು ಬಿಟ್ಟು ನೋಡುವ ಮಗುವಿಗೆ ಆ ರೆಪ್ಪೆಯ ಕಾವಲೂ ಇಲ್ಲ.

ವರದಾ ತೀರ
ಆದರೆ ಸ್ಟಿಕರ್ ಮೇಲೆ 5ಕ್ಕಿಂತ ಕಡಿಮೆ ಅಂತ ಇದೆಯಲ್ಲ ಮೇಷ್ಟ್ರೇ?

ಫಿಸಿಕ್ಸ್ ಮೇಷ್ಟ್ರು
ಆ ಸ್ಟಿಕರ್ ನಂಬಬೇಡಿ. ಅಮೆರಿಕದ ಎನ್‌ಐಎಸ್‌ಟಿ ಅನ್ನುವ ಸರ್ಕಾರಿ ಅಳತೆ ಸಂಸ್ಥೆ 122 ಪಾಯಿಂಟರ್ ತಂದು ಅಳೆದು 2013ರಲ್ಲಿ ಫಲಿತಾಂಶ ಹೇಳಿತು. ಹಸಿರಿನಲ್ಲಿ ಹೆಚ್ಚುಕಮ್ಮಿ 90%, ಕೆಂಪಿನಲ್ಲಿ 44% ಅಲ್ಲಿನ ಸುರಕ್ಷತಾ ನಿಯಮಕ್ಕೆ ಹೊಂದಲಿಲ್ಲ.

ಹಸಿರಿನಲ್ಲಿ ಇನ್ನೊಂದು ತೊಂದರೆ ಇದೆ. ಈ ಅಗ್ಗದ ಪೆನ್ನುಗಳಲ್ಲಿ ಹೆಚ್ಚಿನವು ನೇರವಾಗಿ ಹಸಿರು ಬೆಳಕು ಮಾಡಲ್ಲ. ಒಳಗೆ 808 ನ್ಯಾನೋಮೀಟರ್ ತರಂಗಾಂತರದ ಬೆಳಕು ಬಿಡುವ ಡಯೋಡ್ ಇರುತ್ತೆ. ಅದು ಒಂದು ಹರಳಿಗೆ ಬಿದ್ದು 1064 ಹುಟ್ಟುತ್ತೆ. ಅದು ಇನ್ನೊಂದು ಹರಳಿನಲ್ಲಿ ಅರ್ಧಕ್ಕೆ ಇಳಿದು 532, ಅಂದರೆ ಹಸಿರು, ಆಗುತ್ತೆ. ಮೊದಲಿನ ಎರಡೂ ಅತಿಗೆಂಪು ಬೆಳಕು, ಕಣ್ಣಿಗೆ ಕಾಣಲ್ಲ. ತುದಿಯಲ್ಲಿ ಅವನ್ನು ತಡೆಯಲು ಒಂದು ಸಣ್ಣ ಫಿಲ್ಟರ್ ಹಾಕಬೇಕು. ದುಡ್ಡು ಉಳಿಸಲು ಅದನ್ನೇ ಬಿಟ್ಟಿರುತ್ತಾರೆ. ಆಗ ಹಸಿರಿನ ಜೊತೆ ಕಾಣದ ಬೆಳಕೂ ಹೊರಗೆ ಬರುತ್ತೆ, ಕೆಲವು ಸಲ ಹಸಿರಿಗಿಂತ ಜಾಸ್ತಿ. ಕಾಣದೇ ಇರುವುದಕ್ಕೆ ರೆಪ್ಪೆ ಹೇಗೆ ಮುಚ್ಚುತ್ತೆ ಹೇಳಿ?

ವರದಾ ತೀರ
ಚೌಕುಳಿ ಪುಸ್ತಕ ಹಿಡಿಸಿದೆ. ಎಡಗಣ್ಣಲ್ಲಿ ಎಲ್ಲ ಸರಿ. ಬಲಗಣ್ಣಲ್ಲಿ ನೋಡುವಾಗ "ಚುಕ್ಕೆ ಎಲ್ಲಿ ಅಮ್ಮ?" ಅಂತ ಕೇಳಿದ. ಮೂರ್ನಾಲ್ಕು ಮನೆ ಬೂದಿ ಬಣ್ಣ, ಸುತ್ತಲಿನ ಗೆರೆ ಬಾಗಿದೆ ಅಂತ ಬೆರಳಲ್ಲಿ ತೋರಿಸಿದ. ಯಜಮಾನರೂ ಪಕ್ಕದಲ್ಲೇ ಇದ್ದರು. ಈಗ ಅವರೇ ಬಸ್ಸಿನ ಟೈಮ್ ನೋಡುತ್ತಿದ್ದಾರೆ.

ಕನ್ನಡಕದಂಗಡಿ
ರೆಟಿನಾ ಡಾಕ್ಟರ್ ಇರುವ ಕಡೆಗೇ ಹೋಗಿ, ಓಸಿಟಿ ಸ್ಕ್ಯಾನ್ ಮಾಡಿಸಿ. ಎರಡು ನಿಮಿಷದ ಕೆಲಸ, ಸೂಜಿ ಇಲ್ಲ, ನೋವಿಲ್ಲ. ರೆಟಿನಾದ ಪದರಗಳು ಅಡ್ಡಲಾಗಿ ಕತ್ತರಿಸಿದ ಹಾಗೆ ಕಾಣುತ್ತೆ. ಆ ಪೆನ್ನನ್ನೂ ತೆಗೆದುಕೊಂಡು ಹೋಗಿ, ಡಾಕ್ಟರಿಗೆ ತೋರಿಸಿ. ಲೇಸರ್ ಅಂತ ಮೊದಲೇ ಹೇಳಿ. ಎಷ್ಟೋ ಮಕ್ಕಳು ಬೈಗುಳಕ್ಕೆ ಹೆದರಿ ಹೇಳಲ್ಲ, ಡಾಕ್ಟರು ಬೇರೆ ಕಾಯಿಲೆ ಹುಡುಕುತ್ತಾ ಕೂರುತ್ತಾರೆ. ಬೆಂಗಳೂರಿಗೆ ಬರುವ ಹಾಗಿದ್ದರೆ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆ ಇದೆ.

ಬೆಳಗಾವಿ ಕುಂದಾ
ಮೆರವಣಿಗೆ ಮಾತು ಬಂತು ಅಂತ ಹೇಳುತ್ತೇನೆ. 2023ರ ಗಣೇಶ ವಿಸರ್ಜನೆ ಆದ ಮೇಲೆ ಪಕ್ಕದ ಮಹಾರಾಷ್ಟ್ರದಲ್ಲಿ ಹುಡುಗರು ಕಣ್ಣು ಮಂಜು ಅಂತ ಆಸ್ಪತ್ರೆಗೆ ಬಂದ ಸುದ್ದಿ ಕೊಲ್ಹಾಪುರದ ಕಡೆಯಿಂದೆಲ್ಲ ಬಂತು. ಕಣ್ಣಿನ ಡಾಕ್ಟರುಗಳೇ ಮೆರವಣಿಗೆಯಲ್ಲಿ ಲೇಸರ್ ಬೇಡ ಅಂದರು. ನಮ್ಮ ಓಣಿಯಲ್ಲಿ ಇವತ್ತಿಗೂ ಟ್ರ್ಯಾಕ್ಟರ್ ಮೇಲೆ ಜನರ ಎದೆಮಟ್ಟಕ್ಕೆ ಕಟ್ಟುತ್ತಾರೆ. ಸಣ್ಣ ಮಕ್ಕಳು ಅಪ್ಪನ ಹೆಗಲ ಮೇಲೆ ಕೂತಿರುತ್ತವೆ, ಬೆಳಕು ಸರಿಯಾಗಿ ಅವರ ಮುಖಕ್ಕೇ.

ಸೌಂಡ್ ಅಂಡ್ ಲೈಟ್ಸ್ ಗದಗ
ಕಿರಣ ಓಡುತ್ತಲೇ ಇರುತ್ತೆ ಸರ್, ಒಬ್ಬರ ಕಣ್ಣಲ್ಲಿ ನಿಲ್ಲಲ್ಲ. ಕ್ಷಣಮಾತ್ರ ಬಂದು ಹೋಗುತ್ತೆ. ಅದಕ್ಕೇ ಡಿಸೈನ್ ಹಾಗಿರುತ್ತೆ.

ಫಿಸಿಕ್ಸ್ ಮೇಷ್ಟ್ರು
ಓಡಿಸುವುದು ಒಳಗಿರುವ ಎರಡು ಪುಟ್ಟ ಕನ್ನಡಿ. ಟ್ರ್ಯಾಕ್ಟರ್ ಕುಲುಕಾಟಕ್ಕೋ, ಜನರೇಟರ್ ವೋಲ್ಟೇಜ್ ಏರಿಳಿತಕ್ಕೋ ಅದು ಅಂಟಿಕೊಂಡು ನಿಂತರೆ? ಪೂರ್ತಿ ಶಕ್ತಿ ಒಂದೇ ಜಾಗಕ್ಕೆ. ಒಳ್ಳೆಯ ಮಷೀನುಗಳಲ್ಲಿ ಕನ್ನಡಿ ನಿಂತ ಕೂಡಲೇ ಬೆಳಕು ಆರಿಸುವ ಸರ್ಕ್ಯೂಟ್ ಇರುತ್ತೆ. ನಿಮ್ಮದರಲ್ಲಿ ಇದೆಯಾ ನೋಡಿದ್ದೀರಾ?

2008ರ ಜುಲೈನಲ್ಲಿ ರಷ್ಯಾದ ಕಿರ್ಜಾಚ್ ಅನ್ನುವ ಊರಿನ ಹತ್ತಿರ ಬಯಲಿನಲ್ಲಿ ಸಂಗೀತ ಹಬ್ಬ ನಡೆಯಿತು. ಮಳೆ ಬಂತು ಅಂತ ಮೇಲೆ ಟಾರ್ಪಾಲು ಕಟ್ಟಿದರು. ಆಕಾಶಕ್ಕೆ ಹೋಗಬೇಕಿದ್ದ ಲೇಸರ್ ಜನರ ಮೇಲೇ ಬಿತ್ತು. ಸುಮಾರು ಮೂವತ್ತು ಮಂದಿಗೆ ದೃಷ್ಟಿ ಹಾನಿ ಆಯಿತು. ಅವರೂ ಕುಣಿಯುತ್ತಿದ್ದವರೇ, ನೋವು ಅಂತ ಯಾರೂ ಅಲ್ಲಿ ಕೂಗಲಿಲ್ಲ.

ಮದುವೆ ವಿಡಿಯೋ
ನನ್ನ ಕ್ಯಾಮೆರಾ ಸೆನ್ಸರ್ ಹೋಗಿದ್ದು ಡಿಜೆ ಲೇಸರ್‌ನಿಂದಲೇ. ಹಸಿರು ಒಂದು ಸಲ ಲೆನ್ಸ್ ಮೇಲೆ ಹಾದು ಹೋಯಿತು. ಆವತ್ತಿನಿಂದ ಎಲ್ಲ ಫೋಟೋದಲ್ಲೂ ಮೇಲಿಂದ ಕೆಳಗೆ ಒಂದು ಬಿಳಿ ಗೆರೆ. ಆ ಮದುವೆ ದುಡ್ಡೂ ಹೋಯಿತು, ರಿಪೇರಿಗೆ ಅದರ ಮೇಲೆ ಇನ್ನೂ ಹೋಯಿತು. ಗಾಜು ಲೋಹಕ್ಕೇ ಹೀಗಾದರೆ ಕಣ್ಣಿನ ಗತಿ ಏನು?

ಫಿಸಿಕ್ಸ್ ಮೇಷ್ಟ್ರು
ಹೋಲಿಕೆ ಪೂರ್ತಿ ಸರಿ ಇಲ್ಲ. 2019ರಲ್ಲಿ ಲಾಸ್ ವೇಗಸ್ ಪ್ರದರ್ಶನದಲ್ಲಿ ಒಂದು ಕಾರಿನ ಲೈಡಾರ್ (ಲೇಸರ್ ಬಿಟ್ಟು ದೂರ ಅಳೆಯುವ ಸಾಧನ) ಫೋಟೋ ತೆಗೆದವರ ಕ್ಯಾಮೆರಾ ಹಾಳಾಯಿತು. ಅಂಥ ಕೆಲವು ಲೈಡಾರ್‌ಗಳು 1550 ನ್ಯಾನೋಮೀಟರ್ ಬಳಸುತ್ತವೆ. ಆ ಬೆಳಕನ್ನು ಕಣ್ಣಿನ ಮುಂಭಾಗದ ನೀರೇ ಹೀರಿಕೊಳ್ಳುತ್ತೆ, ರೆಟಿನಾ ತನಕ ಹೋಗಲ್ಲ. ಕ್ಯಾಮೆರಾ ಲೆನ್ಸಿನಲ್ಲಿ ನೀರಿಲ್ಲ. ರೆಟಿನಾಕ್ಕೆ ಅಪಾಯ 400ರಿಂದ 1400ರ ನಡುವಿನದು. ಅದರಾಚೆಯದ್ದು ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಸುಡುತ್ತೆ. ಆದರೆ ನಿಮ್ಮ ಡಿಜೆ ಹಸಿರಿನ ವಿಷಯದಲ್ಲಿ ನೀವು ಹೇಳಿದ್ದು ಸರಿ, ಅದು ಎರಡನ್ನೂ ಹಾಳು ಮಾಡುತ್ತೆ.

ಅಡಿಕೆ ತೋಟ
ನಮ್ಮ ಕಡೆ ಮಂಗ ಓಡಿಸಲು ಲೇಸರ್ ಟಾರ್ಚ್ ಬಂದಿದೆ. ಪಟಾಕಿ ಖರ್ಚಿಗಿಂತ ಅಗ್ಗ. ಮೊದಲು ನಾಲ್ಕು ದಿನ ಓಡಿದವು, ಆಮೇಲೆ ಚುಕ್ಕೆಯ ಹಿಂದೆ ತಾವೇ ಬಂದವು. ಹೋದ ತಿಂಗಳು ನನ್ನ ತಮ್ಮ ಮಂಗಕ್ಕೆ ಬಿಡುವಾಗ ಕೊನೆಗೌಡ (ಅಡಿಕೆ ಕೊನೆ ಇಳಿಸುವವನು) ಪಕ್ಕದ ಮರದ ತುದಿಯಲ್ಲಿದ್ದ. ಬೆಳಕು ಮುಖದ ಮೇಲೆ ಹಾಯಿತು. "ಏನೂ ಕಾಣ್ತಿಲ್ಲ ಒಡೆಯಾ" ಅಂತ ಮರ ಅಪ್ಪಿಕೊಂಡು ಹಾಗೇ ನಿಂತುಬಿಟ್ಟ. ಒಂದೆರಡು ನಿಮಿಷ ಆದ ಮೇಲೆ ಇಳಿದ. ಕಣ್ಣಿಗೆ ಏನೂ ಆಗಲಿಲ್ಲ. ಆದರೆ ಆ ಎರಡು ನಿಮಿಷ ನನ್ನ ಜೀವ ಕೈಯಲ್ಲಿತ್ತು.

ಡಾಲಸ್ ಕನ್ನಡಿಗ
ವಿಮಾನದ ಪೈಲಟ್‌ಗಳಿಗೆ ಆಗುವುದೂ ಇದೇ. ಇಲ್ಲಿ ಅಮೆರಿಕದಲ್ಲಿ 2023ರಲ್ಲಿ ಪೈಲಟ್‌ಗಳು ದೂರು ಕೊಟ್ಟ ಲೇಸರ್ ಪ್ರಕರಣ 13,304. ದೂರ ಹೋದಂತೆ ಕಿರಣ ಅಗಲ ಆಗುತ್ತೆ, ಒಂದು ಕಿಲೋಮೀಟರಿಗೆ ಸುಮಾರು ಒಂದು ಮೀಟರ್. ಕಣ್ಣು ಸುಡುವಷ್ಟು ಬಲ ಇರಲ್ಲ, ಆದರೆ ಕಾಕ್‌ಪಿಟ್ ಗಾಜೆಲ್ಲ ಹಸಿರು ತುಂಬಿಕೊಳ್ಳುತ್ತೆ. ಇಳಿಯುವ ಹೊತ್ತಿಗೆ ಕಣ್ಣು ಕತ್ತಲೆ ಕಟ್ಟಿದರೆ ಮುಗಿಯಿತು. ತಮಾಷೆಗೆ ಬಿಟ್ಟವರು ಜೈಲಿಗೆ ಹೋಗಿದ್ದಾರೆ.

ನೀಲಿ ಛತ್ರಿ
ಶತ್ರುವಿನ ಕಣ್ಣು ಕುರುಡು ಮಾಡುವ ಲೇಸರ್ ಆಯುಧ ಯುದ್ಧದಲ್ಲೇ ಬೇಡ ಅಂತ 1995ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಆಗಿದೆ. ನಮ್ಮ ಜಾತ್ರೆಯಲ್ಲಿ ಬಲೂನಿನ ಪಕ್ಕ ಮಾರುತ್ತಾರೆ.

ಪೀಣ್ಯ ಫ್ಯಾಬ್ರಿಕೇಟರ್
ಪೆನ್ನು, ಡಿಜೆ ಬಿಡಿ, ಕಾರ್ಖಾನೆ ಹುಡುಗರ ಬಗ್ಗೆ ಯಾರೂ ಮಾತಾಡಲ್ಲ. ನಾನು ಮೊದಲು ಇದ್ದ ಒಂದು ಸಣ್ಣ ಶೆಡ್ಡಿನಲ್ಲಿ ಅಕ್ರಿಲಿಕ್ ಕತ್ತರಿಸುವ ಸಿಒ2 ಲೇಸರ್ ಇತ್ತು. ಆಮೇಲೆ ಕೀಚೈನು, ನೇಮ್‌ಪ್ಲೇಟ್ ಗುರುತು ಹಾಕಲು ಫೈಬರ್ ಲೇಸರ್ ಮಷೀನ್ ತಂದರು. ಸುತ್ತ ಮುಚ್ಚಳವೇ ಇಲ್ಲದ ಮಾಡೆಲ್. ಓನರ್ "ಸೇಫ್ಟಿಗೆ" ಅಂತ ಪಾರದರ್ಶಕ ಅಕ್ರಿಲಿಕ್ ಶೀಟ್ ಕತ್ತರಿಸಿ ಡಬ್ಬಿ ಮಾಡಿಸಿದರು. ಸಿಒ2 ಬೆಳಕು 10,600 ನ್ಯಾನೋಮೀಟರ್, ಅದನ್ನು ಅಕ್ರಿಲಿಕ್ ತಡೆಯುತ್ತೆ, ಅದಕ್ಕೇ ಅದು ಅಕ್ರಿಲಿಕ್ ಕತ್ತರಿಸುವುದು. ಫೈಬರ್ 1064. ಅದಕ್ಕೆ ಅಕ್ರಿಲಿಕ್ ಅಂದರೆ ಕಿಟಕಿ ಗಾಜು ಇದ್ದ ಹಾಗೆ, ಆರಾಮಾಗಿ ದಾಟುತ್ತೆ. ಕಾಣುವುದೂ ಇಲ್ಲ. ಹೆಲ್ಪರ್ ಹುಡುಗ ಬಗ್ಗಿ ಸ್ಟೀಲ್ ಪ್ಲೇಟ್ ಫೋಕಸ್ ಆಗಿದೆಯಾ ಅಂತ ನೋಡುತ್ತಿದ್ದ, ಹೊಳೆಯುವ ಸ್ಟೀಲಿನಿಂದ ತಿರುಗಿ ಹೊಡೆಯಿತು. ಹತ್ತೊಂಬತ್ತು ವರ್ಷದವನು. ಇವತ್ತಿಗೂ ಎಡಗಣ್ಣಲ್ಲಿ ಜನರ ಮುಖ ನೋಡಿದರೆ ಮೂಗಿರುವ ಜಾಗ ಖಾಲಿ ಅಂತಾನೆ.

ಲೇಸರ್ ತಡೆಯುವ ಕನ್ನಡಕ ಕೊಳ್ಳುವಾಗ ಬಣ್ಣ ನೋಡಬೇಡಿ. ಯಾವ ನ್ಯಾನೋಮೀಟರಿಗೆ ಎಷ್ಟು ಓಡಿ (ಆಪ್ಟಿಕಲ್ ಡೆನ್ಸಿಟಿ, ಬೆಳಕು ತಡೆಯುವ ಅಳತೆ) ಅಂತ ಫ್ರೇಮಿನ ಮೇಲೋ ಗಾಜಿನ ಮೇಲೋ ಬರೆದಿರಬೇಕು. ಓಡಿ 4 ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಒಳಗೆ ಬರುತ್ತೆ, 6 ಅಂದರೆ ಹತ್ತು ಲಕ್ಷದಲ್ಲಿ ಒಂದು. ತಂಪು ಕನ್ನಡಕ ಹಾಕಿಕೊಂಡು ನಿಲ್ಲುವವರನ್ನು ನೋಡಿದ್ದೇನೆ, ಅದು ಇನ್ನೂ ಕೆಟ್ಟದ್ದು. ಕತ್ತಲಾದಾಗ ಪಾಪೆ ಅರಳುತ್ತೆ, ಬಾಗಿಲು ದೊಡ್ಡದು ಮಾಡಿಕೊಟ್ಟ ಹಾಗೆ.

ಇನ್ನೊಂದು, ಸಿಒ2 ಇಟ್ಟಿರುವವರು ರೆಕ್ಸಿನ್, ಪಿವಿಸಿ ಶೀಟ್, ವಿನೈಲ್ ಕತ್ತರಿಸಬೇಡಿ. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಬರುತ್ತೆ. ಶ್ವಾಸಕೋಶಕ್ಕೂ ಕೆಟ್ಟದ್ದು, ಮಷೀನಿನ ರೈಲುಗಳೂ ತುಕ್ಕು ಹಿಡಿಯುತ್ತವೆ. ಓನರ್‌ಗೆ ಹುಡುಗರ ಕೆಮ್ಮು ಕೇಳಿಸಲಿಲ್ಲ, ರೈಲು ತುಕ್ಕು ಹಿಡಿದಾಗ ನಿಲ್ಲಿಸಿದರು.

ಗಾರೆ ಕೆಲಸ
ಅಣ್ಣ, ನಾವು ಟೈಲ್ಸ್ ಹಾಕುವಾಗ ಹಸಿರು ಗೆರೆ ಬರುವ ಲೇಸರ್ ಲೆವೆಲ್ ಇಡುತ್ತೇವೆ. ದಿನವಿಡೀ ಅದರ ಮುಂದೆಯೇ ಕೂತಿರುತ್ತೇವೆ. ಅದೂ ಅಪಾಯನಾ?

ಪೀಣ್ಯ ಫ್ಯಾಬ್ರಿಕೇಟರ್
ಅದರ ಸ್ಟಿಕರ್ ನೋಡಿ, ಒಳ್ಳೆ ಕಂಪನಿಯದ್ದಾದರೆ ಹೆಚ್ಚಾಗಿ ಕ್ಲಾಸ್ 2 ಇರುತ್ತೆ. ಬೆಳಕನ್ನು ಗೆರೆಯಾಗಿ ಹರಡಿರುತ್ತಾರೆ. ಗೋಡೆ ಮೇಲಿನ ಗೆರೆ ನೋಡಿದರೆ ಏನೂ ಇಲ್ಲ. ನೀವು ಬಗ್ಗಿದಾಗ ಕಣ್ಣಿನ ಮಟ್ಟಕ್ಕೆ ಬರದ ಹಾಗೆ ಇಡಿ, ಹೊರಡುವ ಬೆಳಕನ್ನು ನೇರ ದಿಟ್ಟಿಸಬೇಡಿ, ಅಷ್ಟು ಸಾಕು. ಅಂಗಡಿಯ ಬಾರ್‌ಕೋಡ್ ಸ್ಕ್ಯಾನರೂ ಹೀಗೇ.

ಮಲ್ಲಿಗೆ ಮೊಗ್ಗು
ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ. ಕಣ್ಣಿಗೆ ಲೇಸರ್ ಹಾಕಿಸಬೇಕು ಅಂದಿದ್ದಾರೆ. ಇದೆಲ್ಲ ಓದಿ ಭಯ ಆಗುತ್ತಿದೆ. ಲೇಸರ್ ರೇಡಿಯೇಶನ್‌ನಿಂದ ಕ್ಯಾನ್ಸರ್ ಬರುತ್ತೆ ಅಂತ ಬೇರೆ ಒಬ್ಬರು ಹೇಳಿದರು.

ಕನ್ನಡಕದಂಗಡಿ
ದಯವಿಟ್ಟು ತಪ್ಪಿಸಬೇಡಿ ಅಮ್ಮ. ಡಾಕ್ಟರು ಬಳಸುವುದೂ ಬಹಳ ಸಲ ಇದೇ 532 ಹಸಿರು, ಮಾಡುವುದೂ ಸುಡುವ ಕೆಲಸವೇ. ಆದರೆ ಎಲ್ಲಿ, ಎಷ್ಟು, ಎಷ್ಟು ಹೊತ್ತು ಅಂತ ಲೆಕ್ಕ ಹಾಕಿ, ನಡುವಿನ ಮ್ಯಾಕ್ಯುಲಾ ಉಳಿಸಿ ಅಂಚಿನ ಕಡೆ ಸಣ್ಣ ಸಣ್ಣ ಚುಕ್ಕೆ ಇಡುತ್ತಾರೆ. ಸಕ್ಕರೆಯಿಂದ ಹುಟ್ಟುವ ಕೆಟ್ಟ ರಕ್ತನಾಳಗಳು ಒಣಗಿ ಉಳಿದ ದೃಷ್ಟಿ ಉಳಿಯುತ್ತೆ. ಬಿಟ್ಟರೆ ಒಳಗೆ ರಕ್ತ ಸೋರಿ ಪೂರ್ತಿ ಹೋಗಬಹುದು. ಕನ್ನಡಕ ತೆಗೆಸುವ ಲಾಸಿಕ್‌ನಲ್ಲಿ 193 ನ್ಯಾನೋಮೀಟರ್, ಅದು ಕಾರ್ನಿಯಾದ ಮೇಲ್ಪದರದಲ್ಲೇ ಮುಗಿಯುತ್ತೆ, ರೆಟಿನಾ ಮುಟ್ಟಲ್ಲ. ಕಾಣುವ ಬೆಳಕಿನ ಲೇಸರ್‌ನಿಂದ ಕ್ಯಾನ್ಸರ್ ಬರಲ್ಲ, ಅದು ಎಕ್ಸ್‌ರೇ ಜಾತಿಯ ಕಿರಣ ಅಲ್ಲ.

ಹಾಗೇ, ಪಾರ್ಲರ್‌ನಲ್ಲಿ ಲೇಸರ್‌ನಿಂದ ಕೂದಲು ತೆಗೆಸುವವರು ಗಮನಿಸಿ. ಮಷೀನ್ ನಡೆಯುವಾಗ ನಿಮಗೂ ಆಪರೇಟರ್‌ಗೂ ಇಬ್ಬರಿಗೂ ಕಣ್ಣಿನ ರಕ್ಷಣೆ ಬೇಕು. ಹುಬ್ಬಿನ ಕೆಳಗೆ, ರೆಪ್ಪೆ ಹತ್ತಿರ ಮಾಡಿಸಲೇಬೇಡಿ. ರೆಪ್ಪೆ ದಾಟಿ ಒಳಗಿನ ಪಾಪೆಯ ಸುತ್ತಲಿನ ಬಣ್ಣದ ಭಾಗಕ್ಕೆ ಪೆಟ್ಟಾದ ಉದಾಹರಣೆಗಳಿವೆ.

ಸೌಂಡ್ ಅಂಡ್ ಲೈಟ್ಸ್ ಗದಗ
ಮೇಷ್ಟ್ರೇ, ನೀವು ಕೇಳಿದ ಮೇಲೆ ನನ್ನ ಮಷೀನ್ ಬಿಚ್ಚಿ ನೋಡಿದೆ. ಹಿಂದೆ 3 ವ್ಯಾಟ್, ಕ್ಲಾಸ್ 4 ಅಂತ ಬರೆದಿದೆ. ಕನ್ನಡಿ ನಿಂತರೆ ಆರಿಸುವ ಸರ್ಕ್ಯೂಟ್ ಇಲ್ಲ, ನಮ್ಮ ಎಲೆಕ್ಟ್ರಾನಿಕ್ಸ್ ಹುಡುಗನಿಗೂ ತೋರಿಸಿದೆ. ನಾನು ಮೊದಲು ಬರೆದದ್ದು ತಪ್ಪು, ಆ ಅಕ್ಕನ ಮಗುವಿಗೆ ಮೊಬೈಲ್ ಅಂದದ್ದಕ್ಕೆ ಕ್ಷಮೆ ಇರಲಿ. ಬೇರೆ ದೇಶದಲ್ಲಿ ಎಷ್ಟು ಎತ್ತರಕ್ಕೆ ಕಟ್ಟುತ್ತಾರೆ?

ಫಿಸಿಕ್ಸ್ ಮೇಷ್ಟ್ರು
ಬಿಚ್ಚಿ ನೋಡಿದಿರಲ್ಲ, ಒಳ್ಳೆಯದಾಯಿತು. ಅಮೆರಿಕದ ನಿಯಮದಲ್ಲಿ ಜನ ನಿಲ್ಲುವ ನೆಲದಿಂದ ಮೂರು ಮೀಟರ್ ಮೇಲೆ, ಪಕ್ಕಕ್ಕೆ ಎರಡೂವರೆ ಮೀಟರ್ ದೂರ ಕಿರಣ ಇರಬೇಕು. ಕಲ್ಯಾಣ ಮಂಟಪದಲ್ಲಿ ಅದು ಸಾಧ್ಯ. ಮೆರವಣಿಗೆಯಲ್ಲಿ ಕಷ್ಟ. ರಸ್ತೆಯ ಎರಡೂ ಕಡೆ ಮಹಡಿ ಮನೆ, ಗ್ಯಾಲರಿಯಲ್ಲಿ ಅಜ್ಜಿಯರು, ಮಕ್ಕಳು ಗಣಪತಿ ನೋಡಲು ನಿಂತಿರುತ್ತಾರೆ. ಮೂರು ಮೀಟರ್ ಮೇಲೆ ಅಂದರೆ ಸರಿಯಾಗಿ ಅವರ ಕಣ್ಣು.

ಸೌಂಡ್ ಅಂಡ್ ಲೈಟ್ಸ್ ಗದಗ
ಅದು ಹೊಳೆದೇ ಇರಲಿಲ್ಲ. ಈ ಸಲ ಮೆರವಣಿಗೆಗೆ ಎಲ್‌ಇಡಿ ಮಾತ್ರ ಕೊಡುತ್ತೇನೆ. ಕಮಿಟಿಯವರು ಕೇಳಿದರೆ ಈ ಮಾತುಗಳನ್ನೇ ತೋರಿಸುತ್ತೇನೆ.

ವರದಾ ತೀರ
ಎಲ್ಲರಿಗೂ ಹೇಳಬೇಕು. ರೆಟಿನಾ ಡಾಕ್ಟರಿಗೆ ತೋರಿಸಿಕೊಂಡು ಬಂದೆವು. ಓಸಿಟಿ ಮಾಡಿ ಪರದೆ ಮೇಲೆ ತೋರಿಸಿದರು. ಎಡಗಣ್ಣಿನ ಪದರಗಳು ಸೀರೆ ಅಂಚಿನ ಹಾಗೆ ನೀಟಾಗಿವೆ. ಬಲಗಣ್ಣಲ್ಲಿ ನಡುವೆ ಒಂದು ಕಡೆ ಗೆರೆ ಕಡಿದುಹೋಗಿದೆ, ಇರುವೆ ತಿಂದ ಹಾಗೆ. ತೂತು ಆಗಿಲ್ಲ, ರಕ್ತಸ್ರಾವ ಇಲ್ಲ ಅಂದರು. ಇದಕ್ಕೆ ಅಂತಲೇ ಖಚಿತ ಔಷಧಿ ಇಲ್ಲವಂತೆ. ಮಕ್ಕಳಲ್ಲಿ ಸ್ವಲ್ಪ ಮಟ್ಟಿಗೆ ತಾನೇ ಸುಧಾರಿಸಬಹುದು, ಪೂರ್ತಿ ಸರಿಹೋಗುತ್ತೆ ಅಂತ ಮಾತು ಕೊಡಲ್ಲ ಅಂದರು. ತಿಂಗಳಿಗೊಮ್ಮೆ ಬರಬೇಕು. ಶಾಲೆಯಲ್ಲಿ ಮುಂದಿನ ಬೆಂಚಿಗೆ ಕೂರಿಸಿ ಅಂತ ಚೀಟಿ ಬರೆದುಕೊಟ್ಟಿದ್ದಾರೆ. ಬಸ್ಸಿನಲ್ಲಿ ಬರುವಾಗ ಯಜಮಾನರು ಅವನನ್ನು ತೊಡೆ ಮೇಲಿಂದ ಇಳಿಸಲೇ ಇಲ್ಲ.

ಆ ಪೆನ್ನು ಇನ್ನೂ ಬೀರು ಮೇಲಿದೆ. ಕಸದ ಗಾಡಿಗೆ ಹಾಕಲಾ?

ನೀಲಿ ಛತ್ರಿ
ಹಾಗೇ ಹಾಕಬೇಡಿ ಅಕ್ಕ, ಇನ್ನೊಂದು ಮಗುವಿನ ಕೈಗೆ ಸಿಗುತ್ತೆ. ಸೆಲ್ ತೆಗೆದು, ಬಟನ್ ಒಡೆದು ಕೆಲಸಕ್ಕೆ ಬಾರದ ಹಾಗೆ ಮಾಡಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಕನ್ನಡಕದಂಗಡಿ
ವಾರಕ್ಕೊಮ್ಮೆ ಅದೇ ಚೌಕುಳಿ ಹಾಳೆ ತೋರಿಸಿ, ಕಾಣದ ಮನೆಗಳಿಗೆ ಅವನ ಕೈಯಲ್ಲೇ ಪೆನ್ಸಿಲಿನಿಂದ ಬಣ್ಣ ತುಂಬಿಸಿ, ತಾರೀಖು ಬರೆದಿಡಿ. ಮುಂದಿನ ಸಲ ಡಾಕ್ಟರಿಗೆ ತೋರಿಸಿ. ಚುಕ್ಕೆ ದೊಡ್ಡದಾದರೆ, ಗೆರೆ ಜಾಸ್ತಿ ಬಾಗಿದರೆ ತಿಂಗಳು ಕಾಯದೆ ಹೋಗಿ.

ವರದಾ ತೀರ
ಸೆಲ್ ತೆಗೆದೆ, ಬಟನ್ ಒಡೆದೆ. ಈಗ ನೆನಪಾಯಿತು, ಆವತ್ತು ನನ್ನ ತಮ್ಮ ಎರಡು ಪೆನ್ನು ತೆಗೆದುಕೊಂಡಿದ್ದ. ಇನ್ನೊಂದು ಅವನ ಮಗಳ ಹತ್ತಿರ ಇದೆ, ಅವಳಿಗೆ ಆರು ವರ್ಷ. ಈಗಲೇ ಫೋನ್ ಮಾಡುತ್ತಿದ್ದೇನೆ.